ಪೆಟ್ಟಿಗೆಯಲ್ಲಿ ಬಂದ ಉಪ್ಪು

ಆ ಸೋಮವಾರ ಮುಂಜಾನೆ ನಾನು ಲಿಂಗಪೂಜೆಗೆ ಕುಳಿತಿದ್ದೆ. ಬಾಗಿಲಿನ ಬೆಳಕು ಮಬ್ಬಾದದ್ದರಿಂದ ಯಾರೋ ಬಂದು ನಿಂತದ್ದು ತಿಳಿಯಿತು. ಕಣ್ಣು ತೆರೆದೆ. ಪಕ್ಕದ ಮನೆಯ ಮುಮತಾಜ ನಿಂತಿದ್ದಳು. ಒಂದು ಕೈಗೆ ಜೋಳದ ಹಿಟ್ಟು ಮೆತ್ತಿತ್ತು, ಇನ್ನೊಂದು ಕೈಯಲ್ಲಿ ಫೋನು ಇತ್ತು. ಏನೆಂದು ಕಣ್ಣಿನಲ್ಲಿಯೇ ಕೇಳಿದೆ.

“ಪೂಜಿ ಮುಗಸ್ರಿ ರಾಚಕ್ಕ. ನಾ ಕುಂತಿರತೇನಿ,” ಎಂದಳು.

ನಾನು ಅವಸರ ಮಾಡಲಿಲ್ಲ. ಸೋಮವಾರವೆಂದು ಪತ್ರಿಗಳನ್ನು ಒಂದೊಂದಾಗಿ ಏರಿಸಿದೆ. ನನ್ನ ಸೊಸೆ ಸೌಭಾಗ್ಯಳಿಗೆ ಅಂದು ವಿಜಯಪುರದ ದವಾಖಾನೆಯಲ್ಲಿ ಡಯಾಲಿಸಿಸ್ ಇತ್ತು. ಅವಳ ಹೆಸರಿನಲ್ಲಿ ಹನ್ನೊಂದು ಸಲ ಹೆಚ್ಚಿಗೆ ಜಪ ಮಾಡಿದೆ. ಅಷ್ಟು ಹೊತ್ತೂ ಮುಮತಾಜ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು. ನನಗೆ ನೇರವಾಗಿ ಹೇಳುವ ಧೈರ್ಯ ಸಾಲದೆ ಮಗ ಅವಳಿಗೆ ಫೋನು ಮಾಡಿದ್ದನು. ನಾನು ಜಪ ಮಾಡುವ ಮೊದಲೇ ಸೌಭಾಗ್ಯ ಹೋಗಿದ್ದಳು.

ಸೌಭಾಗ್ಯ ಹೊರಗಿನಿಂದ ಬಂದ ಹುಡುಗಿಯಲ್ಲ. ಸಾರವಾಡದಲ್ಲಿರುವ ನನ್ನ ತಮ್ಮ ಬಸಗೊಂಡಪ್ಪನ ಮಗಳು. ಹುಟ್ಟಿದ ದಿನ ಅವಳನ್ನು ಮೊದಲು ಎತ್ತಿಕೊಂಡವಳು ನಾನು. ಹತ್ತೊಂಬತ್ತನೆಯ ವಯಸ್ಸಿಗೆ ನನ್ನ ಮಗ ಸಿದ್ದಲಿಂಗೇಶನಿಗೆ ತಂದುಕೊಂಡೆ. ಹೋಗುವಾಗ ಅವಳಿಗೆ ಮೂವತ್ತಾರು ವರ್ಷ, ಮಗಳು ವಿಜಯಲಕ್ಷ್ಮೀ ಎಂಟನೆಯ ತರಗತಿ. ನಾವು ನಾಲ್ಕು ಜನ ಟಿಕೋಟಾದಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ಮಗ ಊರ ಹೊರಗಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುತ್ತಾನೆ.

ಹೇಗೆ ಹೋದಳೆಂಬುದನ್ನು ಮಗ ಮಧ್ಯಾಹ್ನ ಹೇಳಿದನು. ವಿಜಯಪುರದಲ್ಲಿ ಬಸ್ಸು ಇಳಿಯುವಾಗ ಕಾಲು ಎತ್ತಲು ಬರುವುದಿಲ್ಲ ಎಂದಳಂತೆ. ಅವನು ಎತ್ತಿಕೊಂಡು ಆಟೋದಲ್ಲಿ ಕೂಡಿಸಿದನು. ದವಾಖಾನೆಯಲ್ಲಿ ಹಾಸಿಗೆಯ ಮೇಲೆ ಮಲಗಿಸಿ ರಕ್ತ ತೆಗೆದರು. ಯಂತ್ರದ ನಳಿಗೆ ಹಚ್ಚುವಷ್ಟರಲ್ಲಿ ಎದೆ ನಿಂತಿತು.

ಸಂಜೆಗೆ ಮಣ್ಣು ಕೊಟ್ಟೆವು. ತಮ್ಮ ಬಬಲೇಶ್ವರದ ಮೇಲೆ ಬರುವ ಬಸ್ಸು ತಪ್ಪಿ, ಯಾರದೋ ಟ್ರ್ಯಾಕ್ಟರಿನಲ್ಲಿ ಬಂದನು. ನಮ್ಮಲ್ಲಿ ಕುಣಿಯೊಳಗೆ ವಿಭೂತಿ, ಪತ್ರಿಗಳ ಜೊತೆಗೆ ಉಪ್ಪನ್ನೂ ಹಾಕುತ್ತಾರೆ. ಅಂಗಡಿಯಿಂದ ಒಂದು ಚೀಲ ತಂದಿದ್ದರು. ಅವಳ ಮನೆಯದೂ ಸ್ವಲ್ಪ ಅವಳ ಜೊತೆಗೆ ಹೋಗಲಿ ಎಂದು, ಅಡುಗೆಮನೆಯ ಭರಣಿಯಲ್ಲಿ ಉಳಿದಿದ್ದ ಉಪ್ಪನ್ನು ನಾನು ಸೆರಗಿಗೆ ಸುರಿದುಕೊಂಡು ಹೋಗಿ ಕೊಟ್ಟೆ. ಆ ಉಪ್ಪು ಎಂಥದೆಂದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಅದನ್ನು ಮುಚ್ಚಿಡದೆ ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸೌಭಾಗ್ಯಳ ಎರಡೂ ಕಿಡ್ನಿ ಕೆಟ್ಟು ಎರಡು ವರ್ಷಗಳಾಗಿದ್ದವು. ಸೋಮವಾರ ಮತ್ತು ಗುರುವಾರ ಯಂತ್ರದಲ್ಲಿ ರಕ್ತ ತೊಳೆಯಬೇಕು. ಉಳಿದ ದಿನಗಳಲ್ಲಿ ಅವಳ ಜೀವ ಅವಳು ಉಣ್ಣುವುದರ ಮೇಲೆ ನಿಂತಿದೆ ಎಂದು ವೈದ್ಯರು ಹೇಳಿ ಒಂದು ಪಟ್ಟಿ ಕೊಟ್ಟಿದ್ದರು. ಎಳನೀರು, ಬಾಳೆಹಣ್ಣು, ಬೆಲ್ಲ, ಶೇಂಗಾ ಬೇಡ. ಬೇಳೆ ಚಮಚದಷ್ಟು. ಕಾಯಿಪಲ್ಯವನ್ನು ಕುದಿಸಿ, ನೀರು ಬಸಿದು ಚೆಲ್ಲಿ ಆಮೇಲೆ ಒಗ್ಗರಣೆ. ನೀರು ದಿನಕ್ಕೆ ಒಂದು ತಂಬಿಗೆ. ಉಪ್ಪು ಎಷ್ಟು ಸಾಧ್ಯವೋ ಅಷ್ಟು ಕಡಿಮೆ. ನಾನು ಹಿಂದಿನ ಕಾಲದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಶ್ರಾವಣದಲ್ಲಿ ಮಠದಲ್ಲಿ ಹೆಂಗಸರಿಗೆ ಪುರಾಣ ಓದಿ ಹೇಳುವವಳು. ಓಣಿಯವರ ಕಾಗದಪತ್ರಗಳೆಲ್ಲ ನನ್ನ ಕಡೆಗೇ ಬರುತ್ತವೆ. ಆ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ನಕಲು ಮಾಡಿ ಒಲೆಯ ಹಿಂದಿನ ಗೋಡೆಗೆ ಅಂಟಿಸಿದ್ದೆ. ‘ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥ ತಿನ್ನಬಾರದು’ ಎಂದು ಪಟ್ಟಿಯ ಮೇಲ್ಭಾಗದಲ್ಲಿ ಇತ್ತು. ಪೊಟ್ಯಾಸಿಯಂ ಎಂದರೆ ಏನೆಂದು ತಿಳಿಯದಿದ್ದರೂ ಆ ಮಾತನ್ನೂ ತಪ್ಪಿಲ್ಲದೆ ಬರೆದುಕೊಂಡಿದ್ದೆ.

ಅವಳ ಅಡಿಗೆ ಬೇರೆ, ನಮ್ಮ ಅಡಿಗೆ ಬೇರೆ. ರೇಷನ್ ಅಕ್ಕಿಯ ಜೊತೆಗೆ ಆಗ ತಿಂಗಳಿಗೊಮ್ಮೆ ನನ್ನ ಖಾತೆಗೆ ಸರ್ಕಾರದಿಂದ ಆಹಾರದ ಹಣವೂ ಬರುತ್ತಿತ್ತು. ಅದು ದೊಡ್ಡ ಹಣವಲ್ಲ. ಆದರೆ ಅದರಿಂದ ಅವಳಿಗೆ ಬೇಕಾದ ರವೆ, ಸಾಬೂದಾನಿ, ಸಂತೆಯ ಹೀರೇಕಾಯಿ, ಸೋರೆಕಾಯಿ ಆಗುತ್ತಿದ್ದವು. ಮಗನ ದುಡಿಮೆ ಬಸ್ಸಿಗೆ, ಇಂಜೆಕ್ಷನ್ನಿಗೆ, ನಮ್ಮ ಜೋಳಕ್ಕೆ ಮುಗಿಯುತ್ತಿತ್ತು. ಅವಳ ತಾಟಿನ ಅನ್ನ ಮಾತ್ರ ಆ ಹಣದ್ದು.

ಆ ಹಣ ನಿಂತಿತು. ಜನ ಅದನ್ನು ಊಟಕ್ಕೆ ಬಳಸುವುದಿಲ್ಲ, ಆದ್ದರಿಂದ ಇನ್ನು ಮುಂದೆ ಹಣದ ಬದಲಿಗೆ ಪೌಷ್ಟಿಕ ಪದಾರ್ಥಗಳ ಪೆಟ್ಟಿಗೆ ಕೊಡಲಾಗುವುದು ಎಂದು ರೇಷನ್ ಅಂಗಡಿಯ ಗೋಡೆಗೆ ಕಾಗದ ಹಚ್ಚಿದ್ದರು. ನಿಂತವರಿಗೆಲ್ಲ ಅದನ್ನು ಓದಿ ಹೇಳಿದವಳೂ ನಾನೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಂಡತಿಯ ಖಾತೆಗೆ ಬಂದ ಹಣವನ್ನು ಕಸಿದುಕೊಂಡು ಕುಡಿಯುವವರು ನಮ್ಮ ಓಣಿಯಲ್ಲಿಯೇ ಇಬ್ಬರಿದ್ದರು. ಒಳ್ಳೆಯದೇ ಆಯಿತೆಂದು ಹೆಂಗಸರು ಅಂದುಕೊಂಡರು. ನಾನೂ ಹೌದೆಂದೆ.

ಪೆಟ್ಟಿಗೆ ತರಲು ಹೋದ ದಿನ ಅಂಗಡಿಯ ರಾಯಪ್ಪ ನನ್ನ ಹೆಬ್ಬೆರಳನ್ನು ಮಶೀನಿನ ಮೇಲೆ ಒತ್ತಿಸಿ ರಟ್ಟಿನ ಪೆಟ್ಟಿಗೆಯನ್ನು ಮುಂದೆ ಇಟ್ಟನು. ಅಲ್ಲಿಯೇ ಬಿಚ್ಚಿ ನೋಡಿದೆ. ತೊಗರಿಬೇಳೆ, ಹೆಸರುಕಾಳು, ಶೇಂಗಾ, ಬೆಲ್ಲ, ಎಣ್ಣೆ, ಉಪ್ಪು. ನನ್ನ ಗೋಡೆಯ ಮೇಲಿನ ಪಟ್ಟಿಯಲ್ಲಿ ಬೇಡವೆಂದು ಬರೆದದ್ದೇ ಬಹಳ ಇತ್ತು. ಸೊಸೆಯ ಜಡ್ಡು ಇಂಥದು, ಅವಳೊಬ್ಬಳ ಪಾಲಿಗೆ ಮೊದಲಿನ ಹಾಗೆ ಹಣ ಬರುವಂತೆ ಮಾಡಲು ಆಗುವುದೇ ಎಂದು ರಾಯಪ್ಪನನ್ನು ಕೇಳಿದೆ. ಅವನು ಕೆಟ್ಟ ಮನುಷ್ಯನಲ್ಲ. ಮಶೀನನ್ನು ನನ್ನ ಕಡೆ ತಿರುಗಿಸಿ ತೋರಿಸಿದನು.

“ಇದರಾಗ ತೊಗೊಂಡೇನಿ ಅಂತ ಒಂದ ಐತಿ, ಬ್ಯಾಡ ಅಂತ ಒಂದ ಐತಿ. ಜಡ್ಡಿನ ಮಂದಿ ಅಂತ ಮೂರನೇದ ಇಲ್ಲ ಆಯಿ. ಸರಕಾರ ನಿಮ್ಮ ಒಲಿ ಮುಂದ ಬಂದು ಕುಂದ್ರಾಕತ್ತಿಲ್ಲ, ಅದಕ್ಕ ಖುಷಿ ಪಡ್ರಿ.”

ಸರದಿಯಲ್ಲಿದ್ದವರು ನಕ್ಕರು. ನಾನೂ ನಕ್ಕು ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದೆ.

ನಮ್ಮ ಕಡೆ ರೇಷನ್ನಿನ ಪದಾರ್ಥ ಒಗ್ಗದಿದ್ದರೆ ಅದಲು ಬದಲು ಮಾಡಿಕೊಳ್ಳುವುದು ರೂಢಿ. ಅಕ್ಕಿ ಕೊಟ್ಟು ಜೋಳ ತಂದುಕೊಳ್ಳುತ್ತಾರೆ. ಮುಮತಾಜಳ ಮನೆಯಲ್ಲಿ ಉಣ್ಣುವ ಬಾಯಿ ಏಳು. ಬೇಳೆ, ಶೇಂಗಾ, ಬೆಲ್ಲಗಳನ್ನು ಅವಳು ಸಂತೋಷದಿಂದ ತೆಗೆದುಕೊಂಡು ಅಕ್ಕಿ, ರವೆ, ಎರಡು ಸೇರು ಸಾಬೂದಾನಿ ಕೊಟ್ಟಳು. ಉಳಿದದ್ದು ಉಪ್ಪಿನ ಪಾಕೀಟು. ಅದನ್ನೂ ಕೊಡಿ, ಬದಲಿಗೆ ಹೀರೇಕಾಯಿ ಕೊಡುತ್ತೇನೆ ಎಂದಳು. ನಾನು ಒಪ್ಪಲಿಲ್ಲ. ನಮ್ಮ ಅತ್ತೆಯವರ ಕಾಲದಿಂದಲೂ ನಮ್ಮ ಮನೆಯಲ್ಲಿ ಉಪ್ಪನ್ನು ಹೊಸ್ತಿಲು ದಾಟಿಸಿ ಕೊಡುವುದಿಲ್ಲ. ಉಪ್ಪು ಹೋದರೆ ಲಕ್ಷ್ಮಿ ಹೋದಂತೆ ಎಂದು ಅವರು ಹೇಳುತ್ತಿದ್ದರು. ಮಣ್ಣಿಗೆ ಕೊಡುವಾಗ ಮಾತ್ರ ಅದು ಹೊರಗೆ ಹೋಗಬೇಕು.

“ಬೆಲ್ಲಾ ದಾಟತೈತಿ, ಬ್ಯಾಳಿ ದಾಟತೈತಿ. ಉಪ್ಪಿಗೆ ಅಷ್ಟ ಕಾಲಿಲ್ಲೇನ್ರಿ ನಿಮ್ಮ ಮನ್ಯಾಗ?” ಎಂದು ಮುಮತಾಜ ಚಾಷ್ಟಿ ಮಾಡಿ ನಕ್ಕಳು.

ಅವಳು ಹೋದ ಮೇಲೆ ಪಾಕೀಟನ್ನು ಬೆಳಕಿಗೆ ಹಿಡಿದು ಓದಿದೆ. ಮುಂಭಾಗದಲ್ಲಿ ದೊಡ್ಡ ಕನ್ನಡ ಅಕ್ಷರ: ‘ಸೋಡಿಯಂ ಕಡಿಮೆ ಮಾಡಿದ ಉಪ್ಪು. ರಕ್ತದೊತ್ತಡಕ್ಕೆ ಹಿತಕರ.’ ಹಿಂಭಾಗದಲ್ಲಿ ಇಂಗ್ಲಿಷಿನಲ್ಲಿ ಇರುವೆಯಂಥ ಅಕ್ಷರಗಳು. ಅವು ನನಗೆ ಬರುವುದಿಲ್ಲ. ಸೌಭಾಗ್ಯಳಿಗೆ ರಕ್ತದೊತ್ತಡವೂ ಇತ್ತು. ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದರು, ಇಲ್ಲಿ ಕಡಿಮೆ ಮಾಡಿದ ಉಪ್ಪೇ ಮನೆಗೆ ಬಂದಿದೆ. ಸಿದ್ಧೇಶ್ವರನೇ ಕಳಿಸಿದನೆಂದು ತಿಳಿದೆ. ಎರಡು ವರ್ಷ ಸಪ್ಪನೆಯ ಅನ್ನ ಉಂಡು ಆ ಹುಡುಗಿ ತಾಟಿನ ಮುಂದೆ ಕೂಡುವುದಕ್ಕೇ ಬೇಸರಪಡುತ್ತಿದ್ದಳು. ಎರಡು ತುತ್ತು ಉಂಡು ಕೈ ತೊಳೆಯುತ್ತಿದ್ದಳು. ಅವಳನ್ನು ಕರೆದು ಪಾಕೀಟನ್ನು ಓದಿ ಹೇಳಿದೆ.

“ಗುರುವಾರ ಡಾಕ್ಟರಿಗೆ ಒಮ್ಮಿ ಕೇಳೂನೇನ್ರಿ ಅತ್ತಿ?” ಎಂದಳು ಸೌಭಾಗ್ಯ.

“ಸರಕಾರ ಅಚ್ಚು ಹಾಕಿಸಿ ಕೊಟ್ಟದ್ದು ಸುಳ್ಳ ಆಗತೈತೇನ? ಕೇಳಿದ್ರ ಅವರ ಖುಷಿ ಪಡ್ತಾರ,” ಎಂದೆ.

ಅಂದೇ ಹಳೆಯ ಹರಳುಪ್ಪನ್ನು ತೆಗೆದಿಟ್ಟು ಭರಣಿಗೆ ಹೊಸದನ್ನು ಸುರಿದೆ. ಅಕ್ಷರವಿರುವ ಕಾಗದವನ್ನು ಎಸೆಯುವ ರೂಢಿ ನನಗಿಲ್ಲ. ಖಾಲಿ ಪಾಕೀಟನ್ನು ಒರೆಸಿ, ಮಡಚಿ, ವೈದ್ಯರಿಗೆ ತೋರಿಸಲಿ ಎಂದು ಅವಳ ದವಾಖಾನೆಯ ಫೈಲಿನಲ್ಲಿ ಇಟ್ಟೆ. ಮಗನಿಗೂ ಹೇಳಿದೆ. ಅವನು ಶೆಡ್ಡಿನ ಪಾಳಿ ತಪ್ಪಿಸಿ ಅವಸರದಲ್ಲಿ ಹೋಗಿ ಬರುವವನು. ತೋರಿಸಲು ಮರೆತನು.

ಮೊದಲ ದಿನ ಹೀರೇಕಾಯಿ ಪಲ್ಯಕ್ಕೆ ನಮ್ಮ ಪಲ್ಯಕ್ಕೆ ಹಾಕುವಷ್ಟೇ ಹಾಕಿದೆ. ಸೌಭಾಗ್ಯ ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದಳು. “ಒಂದೀಟು ಕಹಿ ಹತ್ತತೈತ್ರಿ ಅತ್ತಿ,” ಎಂದಳು. ಉಪ್ಪಿನ ರುಚಿ ಮರೆತ ನಾಲಿಗೆ ಅದು, ಅದಕ್ಕೆ ಹಾಗೆ ಅನ್ನಿಸುತ್ತದೆ ಎಂದು ನಾನು ಹೇಳಿದೆ. ಅವಳು ನನ್ನ ಮಾತು ಎಂದೂ ಮೀರಿದವಳಲ್ಲ. ಉಂಡಳು. ಮರುದಿನ ಇನ್ನೊಮ್ಮೆ ಹಾಕಿಸಿಕೊಂಡಳು. ಮೂರನೆಯ ದಿನ ರವೆಯ ಉಪ್ಪಿಟ್ಟನ್ನು ಪಾತ್ರೆ ಕೆರೆದು ತಿಂದಳು. ಪಾತ್ರೆ ತೊಳೆಯುವ ಕೆಲಸ ಉಳಿಸಿದೆ ಎಂದು ವಿಜಯಲಕ್ಷ್ಮೀ ಅಂದರೆ ಸೌಭಾಗ್ಯ ಅವಳ ಬೆನ್ನಿಗೊಂದು ಗುದ್ದಿದಳು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ನಾಲ್ವರೂ ಕೂಡಿ ನಕ್ಕು ಉಂಡೆವು. ಆ ಮೂರು ವಾರ ನಾನು ದಿನಾ ಪೂಜೆಯಲ್ಲಿ ಸರ್ಕಾರವನ್ನೂ ಹರಸಿದ್ದೇನೆ.

ಮೂರನೆಯ ವಾರ ಅವಳು ಕಾಲು ಭಾರ ಎನ್ನತೊಡಗಿದಳು. ತುಟಿಯ ಸುತ್ತ ಜುಮುಜುಮು ಎನ್ನುತ್ತದೆ ಎಂದಳು. ನಿತ್ರಾಣವೆಂದು ನಾವು ತಿಳಿದೆವು. ಹೊಟ್ಟೆ ತುಂಬ ಉಂಡರೆ ಸರಿಯಾಗುತ್ತದೆ ಎಂದು ಭಾನುವಾರ ರಾತ್ರಿ ನಾನೇ ಒತ್ತಾಯ ಮಾಡಿ ಇನ್ನೊಂದು ಸೌಟು ಬಡಿಸಿದೆ. ಬೆಳಗಾದರೆ ಸೋಮವಾರ.

ಐದನೆಯ ದಿನ ಕಾಗದಪತ್ರಕ್ಕಾಗಿ ದವಾಖಾನೆಗೆ ಹೋಗಬೇಕಾಯಿತು. ಮಗ ಬಂದವರ ನಡುವೆ ತಲೆ ತಗ್ಗಿಸಿ ಕುಳಿತಿದ್ದನು. ಅವನನ್ನು ಎಬ್ಬಿಸಲು ಮನಸ್ಸಾಗದೆ ನಾನೇ ಫೈಲು ತೆಗೆದುಕೊಂಡು ಬಸ್ಸು ಹತ್ತಿದೆ. ಡಯಾಲಿಸಿಸ್ ವಿಭಾಗದಲ್ಲಿ ಮಿನಾಜ ಎಂಬ ನರ್ಸ್ ಹುಡುಗಿ ಇದ್ದಾಳೆ. ಎರಡು ವರ್ಷ ಸೌಭಾಗ್ಯಳ ಕೈಗೆ ಸೂಜಿ ಚುಚ್ಚಿದವಳು, ಅವಳ ಸೀರೆಯ ಬಣ್ಣಕ್ಕೆ ಆಸೆಪಡುತ್ತಿದ್ದವಳು. ನನ್ನನ್ನು ಕಂಡು ಕಣ್ಣು ಒರೆಸಿಕೊಂಡಳು. ಕುರ್ಚಿ ಕೊಟ್ಟು ಫೈಲಿನ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ಮಡಚಿದ ಪಾಕೀಟು ಸಿಕ್ಕಿತು. ಮುಂಭಾಗ ನೋಡಿದಳು. ಹಿಂಭಾಗ ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿದಳು.

“ಸೌಭಾಗ್ಯಕ್ಕ ಇದನ್ನ ತಿಂತಿದ್ಲೇನ್ರಿ ಆಯಿ?”

ಹೌದೆಂದೆ. ಎಷ್ಟು ದಿನ ಎಂದು ಕೇಳಿದಳು. ಮೂರು ವಾರ ಎಂದೆ. ವೈದ್ಯರಿಗೆ ತೋರಿಸಲೆಂದೇ ಇಟ್ಟಿದ್ದೆ ಎಂದೂ ಹೇಳಿದೆ. ಅವಳು ಪಾಕೀಟನ್ನು ಮೇಜಿನ ಮೇಲೆ ಇಟ್ಟು ಅದರ ಮೇಲೆ ಕೈ ಇಟ್ಟುಕೊಂಡಳು. ಹೇಳಲೋ ಬೇಡವೋ ಎಂದು ಅವಳು ತೊಳಲಾಡುವುದು ಕಂಡಿತು. ಹೇಳು ಮಗಳೇ ಎಂದು ನಾನೇ ಕೇಳಿದೆ.

ಅವಳು ಮೆಲ್ಲಗೆ ತಿಳಿಸಿ ಹೇಳಿದಳು. ಇಂಥ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿ ಅದರ ಜಾಗದಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ಚೆನ್ನಾಗಿದ್ದವರಿಗೆ ಅದು ಒಳ್ಳೆಯದೇ. ಕಿಡ್ನಿ ಕೆಟ್ಟವರ ದೇಹದಿಂದ ಅದು ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಕೂಡುತ್ತ ಹೋಗಿ ಒಂದು ದಿನ ಎದೆಯನ್ನು ನಿಲ್ಲಿಸುತ್ತದೆ. ಆ ಸೋಮವಾರ ತೆಗೆದ ರಕ್ತದಲ್ಲಿ ಅದು ಎಷ್ಟು ಏರಿತ್ತೆಂದರೆ, ಯಂತ್ರ ತಪ್ಪಿತೆಂದು ತಿಳಿದು ಅವರು ಎರಡನೆಯ ಸಲ ಪರೀಕ್ಷೆ ಮಾಡಿದ್ದರಂತೆ.

ಎರಡು ವರ್ಷ ಒಲೆಯ ಹಿಂದೆ ಗೋಡೆಯ ಮೇಲೆ ಇದ್ದ ಆ ಶಬ್ದ ನನಗೆ ಅಂದು ಅರ್ಥವಾಯಿತು.

“ಬರೇ ಇದರಿಂದನ ಆತು ಅಂತ ನಾ ಹೇಳೂದಿಲ್ರಿ,” ಎಂದಳು ಮಿನಾಜ. “ಗುರುವಾರದಿಂದ ಸೋಮವಾರಕ್ಕ ನಡುವ ಬಾಳ ದಿನ ಆಗತಾವ. ಅದೂ ಇರತೈತಿ.”

ಅವಳು ನನ್ನ ಸಂಕಟ ಕಡಿಮೆ ಮಾಡಲು ಹಾಗೆ ಹೇಳಿದಳು. ವೈದ್ಯರಿಗೆ ತಿಳಿಸಿ, ಬರುವ ರೋಗಿಗಳಿಗೆಲ್ಲ ಎಚ್ಚರ ಹೇಳುತ್ತೇನೆ ಎಂದು ಪಾಕೀಟನ್ನು ತನ್ನಲ್ಲಿಯೇ ಇಟ್ಟುಕೊಂಡಳು. ಆಗ ನನಗೆ ಬಿಜ್ಜರಗಿಯ ಅಲ್ಲಾಉದ್ದೀನನ ನೆನಪಾಯಿತು. ಸೋಮವಾರ, ಗುರುವಾರ ಸೌಭಾಗ್ಯಳ ಪಕ್ಕದ ಹಾಸಿಗೆ ಅವನದು. ಅವನಿಗೂ ಇದೇ ಪೆಟ್ಟಿಗೆ ಹೋಗಿರುತ್ತದೆ. ನಿನ್ನೆ ಗುರುವಾರ ಅವನು ಬಂದಿರಲಿಲ್ಲ, ಫೋನೂ ಹತ್ತುತ್ತಿಲ್ಲ ಎಂದಳು ಮಿನಾಜ.  ಮನೆಗೆ ಹೋಗದೆ ಬಿಜ್ಜರಗಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನಾನು ಮಂತ್ರ ಹೇಳಲಿಲ್ಲ. ಇನ್ನೊಂದು ಜೀವ ನನ್ನ ಓದಿನ ಲೆಕ್ಕಕ್ಕೆ ಸೇರದಿರಲಿ ಎಂದಷ್ಟೇ ಬೇಡಿಕೊಂಡೆ. ಏಕೆಂದರೆ ಸೌಭಾಗ್ಯ ಬಸ್ಸಿನಲ್ಲಿ ಅವನಿಗೂ ಈ ಉಪ್ಪಿನ ವಿಷಯ ಹೇಳಿ, ನಮ್ಮ ಅತ್ತಿ ಓದಿದ್ದಾರೆ, ನೀವೂ ತಿನ್ನಿರಿ ಎಂದು ಹೇಳಿ ಬಂದಿದ್ದಳು.

ಅಲ್ಲಾಉದ್ದೀನ ಮನೆಯ ಮುಂದೆ ಹೊರಸಿನ ಮೇಲೆ ಕುಳಿತಿದ್ದನು. ಮುಖ ಊದಿತ್ತು. ಆದರೆ ಇದ್ದನು. ಸೋಮವಾರ ಜೊತೆಯವಳು ಕಣ್ಣೆದುರಿಗೇ ಹೋದದ್ದನ್ನು ಕಂಡ ಮೇಲೆ ಮತ್ತೆ ದವಾಖಾನೆಗೆ ಹೋಗಲು ಮನಸ್ಸು ಬರಲಿಲ್ಲವೆಂದನು. ಇಂದು ಸಂಜೆಯೇ ಹೋಗಬೇಕೆಂದು ನಾನು ಅವನ ಹೆಂಡತಿಗೆ ಹೇಳಿದೆ. ಆಮೇಲೆ ಉಪ್ಪಿನ ಮಾತು ಕೇಳಿದೆ.

“ಎರಡ ದಿನ ತಿಂದೆ ನೋಡ್ರಿ. ಕಹಿ ಹತ್ತಿತು. ಒಯ್ದು ಟಗರಿನ ಮುಂದ ಇಟ್ಟೆ. ಅದೂ ಒಮ್ಮಿ ನೆಕ್ಕಿ ಮಾರಿ ತಿರುವಿತು,” ಎಂದನು. “ನನಗೇನ ಓದಾಕ ಬರತೈತ್ರಿ? ಬಾಯಾಗ ಇಟ್ಟು ನೋಡೂದ ಒಂದ ಹಾದಿ.”

 ನಡೆದದ್ದನ್ನೆಲ್ಲ ಅವರಿಬ್ಬರಿಗೆ ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ.  ಬಸ್ಸಿನಲ್ಲಿ ಸೌಭಾಗ್ಯ ತನಗಾಗಿ ಕಿಟಕಿಯ ಪಕ್ಕ ಚೀಲ ಇಟ್ಟು ಜಾಗ ಹಿಡಿಯುತ್ತಿದ್ದಳು ಎಂದು ಅಲ್ಲಾಉದ್ದೀನ ಹೇಳಿ, ಎರಡೂ ಅಂಗೈ ಎತ್ತಿ ಅವಳಿಗಾಗಿ ಬೇಡಿಕೊಂಡನು. ಅವನ ಹೆಂಡತಿ ನನಗೆ ನೀರು ತಂದುಕೊಟ್ಟಳು.

ಸಂಜೆ ಮಗನಿಗೆ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತು ಕೇಳಿದನು. ತಾನೂ ಫೈಲು ತೋರಿಸಲಿಲ್ಲ ಎಂದು ಒಮ್ಮೆ ಅಂದನು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಮಾತು ಕೇಳಿಕೊಂಡನು.

“ವಿಜಯಲಕ್ಷ್ಮೀಗೆ ತಿಳಿಯೂದು ಬ್ಯಾಡ ಬೇ. ಆಕಿಗೆ ಅವ್ವ ಹೋಗ್ಯಾಳ. ಆಯಿನೂ ಹೋಗಬಾರದು.”

ನಾನು ಒಪ್ಪಿದೆ. ಆ ಮಾತಿನಲ್ಲಿ ನನ್ನ ಲಾಭವೂ ಇತ್ತು. ತಾಯಿ ಹೋದ ಮೇಲೆ ಆ ಹುಡುಗಿ ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು. ಅದು ತಪ್ಪಿಹೋದೀತೆಂಬ ಹೆದರಿಕೆ ನನಗೂ ಇತ್ತು. ಅಲ್ಲಾಉದ್ದೀನನಿಗೆ ಹೇಳಿಯಾಯಿತು, ಮಿನಾಜ ಉಳಿದವರಿಗೆ ಹೇಳುತ್ತಾಳೆ, ಇನ್ನು ನಾನು ಬಾಯಿ ಮುಚ್ಚಿಕೊಂಡು ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ. ಹದಿನೈದು ದಿನ ಹಾಗೆಯೇ ಇದ್ದೆ.

ಮುಂದಿನ ತಿಂಗಳ ಪೆಟ್ಟಿಗೆ ಸ್ವಲ್ಪ ತಡವಾಗಿ ಬಂತು. ಸರದಿಯಲ್ಲಿ ನನ್ನ ಮುಂದೆ ನಮ್ಮ ಓಣಿಯ ನಿರ್ಮಲಾ ನಿಂತಿದ್ದಳು. ಅವಳ ಮಾವನಿಗೆ ಕಾಲು ಊದಿ, ಕಿಡ್ನಿ ಅರ್ಧ ಕೆಟ್ಟಿದೆ ಎಂದು ಆ ವಾರವಷ್ಟೇ ಹೇಳಿದ್ದರಂತೆ. ಇನ್ನೂ ಯಂತ್ರಕ್ಕೆ ಹ‍ಚ್ಚಿಲ್ಲ, ಆದ್ದರಿಂದ ಮಿನಾಜಳ ಕಣ್ಣಿಗೆ ಬೀಳುವ ರೋಗಿಯಲ್ಲ. ನಿರ್ಮಲಾ ಪೆಟ್ಟಿಗೆ ಬಿಚ್ಚಿ ಉಪ್ಪಿನ ಪಾಕೀಟನ್ನು ನನ್ನ ಕೈಗೆ ಕೊಟ್ಟು, ಇದರ ಮೇಲೆ ಏನು ಬರೆದಿದೆ ಓದಿ ಹೇಳಿರಿ ಎಂದಳು. ಉಪ್ಪು ಬಿಡಬೇಕೆಂದು ವೈದ್ಯರು ಹೇಳಿದ್ದಾರೆ, ಇದು ನಡೆಯುತ್ತದೆಯೋ ಎಂದು ಕೇಳಿದಳು.

ಅವಳೊಬ್ಬಳನ್ನು ಬದಿಗೆ ಕರೆದು ಹೇಳಬಹುದಿತ್ತು. ಆದರೆ ಅವಳ ಹಿಂದೆ ಮೂವತ್ತು ಜನ ನಿಂತಿದ್ದರು. ಅವರಲ್ಲಿ ಯಾರ ಮನೆಯಲ್ಲಿ ಯಾರ ಕಾಲು ಊದಿದೆಯೋ ನನಗೇನು ಗೊತ್ತು? ಅವರೆಲ್ಲ ನನ್ನ ಓದನ್ನು ನಂಬುವವರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ.

“ಕಿಡ್ನಿ ಜಡ್ಡಿದ್ದವರು ಡಾಕ್ಟರಿಗೆ ಕೇಳಲಾರದ ಇದನ್ನ ಬಾಯಾಗ ಇಡಬ್ಯಾಡ್ರಿ. ನಮ್ಮ ಸೌಭಾಗ್ಯಗ ನಾನ ಓದಿ ಹೇಳಿ, ನನ್ನ ಕೈಯಾರ ಹಾಕೇನಿ. ಆಕಿ ಹೋಗ್ಯಾಳ.”

 ನಿರ್ಮಲಾ ನನ್ನ ಕೈಯಿಂದ ಪಾಕೀಟನ್ನು ಮೆಲ್ಲಗೆ ತೆಗೆದುಕೊಂಡು ಕಟ್ಟೆಯ ಮೇಲೆ ಇಟ್ಟಳು. ರಾಯಪ್ಪ ಅಂದು ಚಾಷ್ಟಿ ಮಾಡಲಿಲ್ಲ. ಪೆಟ್ಟಿಗೆಯೊಳಗಿನದನ್ನು ಬದಲಿಸುವ ಅಧಿಕಾರ ತನಗಿಲ್ಲ, ಆದರೆ ಹೆಬ್ಬೆರಳು ಒತ್ತುವ ಪ್ರತಿಯೊಬ್ಬರಿಗೂ ಈ ಮಾತು ಹೇಳಿಯೇ ಕಳಿಸುತ್ತೇನೆ ಎಂದನು. ಬರೆದು ಕೊಟ್ಟರೆ ಮೇಲಿನವರಿಗೂ ಮುಟ್ಟಿಸುತ್ತೇನೆ ಎಂದು ಹಾಳೆ ಕೊಟ್ಟನು. ಅಲ್ಲಿಯೇ ನಿಂತು ಬರೆದುಕೊಟ್ಟೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅಂಗಡಿಯಲ್ಲಿ ಆಡಿದ ಮಾತು ಸಂಜೆಯೊಳಗೆ ನಳದ ಹತ್ತಿರ ಬಂದಿತ್ತು. ವಿಜಯಲಕ್ಷ್ಮೀ ನೀರಿಗೆ ಹೋದವಳು ಕೊಡ ಅಲ್ಲಿಯೇ ಬಿಟ್ಟು ಬಂದಳು. ನಾನು ಅಕ್ಕಿ ಆರಿಸುತ್ತಿದ್ದೆ. ಎದುರಿಗೆ ಬಂದು ನಿಂತಳು. ಅವಳು ನನ್ನನ್ನು ಕೇಳುವಳೆಂದು ಕಾಯುತ್ತಿದ್ದೆ. ಅವಳು ಹೇಳಿದ್ದೇ ಬೇರೆ.

“ಆಯಿ, ಮುಂಜಾನಿ ಉಪ್ಪಿಟ್ಟಿನ ಮ್ಯಾಲ ನಾನೂ ಉದುರಸ್ತಿದ್ದೆ. ಅವ್ವ ಇನ್ನೊಂದೀಟ ಹಾಕ ಅಂತಿದ್ಲು. ನಿಮಗ ಹೇಳಬ್ಯಾಡ ಅಂತಿದ್ಲು.”

 ಇಷ್ಟು ದಿನ ನಾನು ಮುಚ್ಚಿಡಲು ಹೊರಟದ್ದು ನನ್ನ ತಪ್ಪನ್ನು. ಅದನ್ನು ಮುಚ್ಚಿದ್ದರೆ ಎಂದಾದರೂ ಒಂದು ದಿನ ಈ ಮಗು ತನ್ನದನ್ನು ಒಬ್ಬಳೇ ಹೊತ್ತುಕೊಂಡು ಕುಳಿತಿರುತ್ತಿದ್ದಳು.

“ಇಲ್ಲಿ ಕೇಳ. ಓದಿ ಹೇಳಿದಾಕಿ ನಾ. ಭರಣಿ ತುಂಬಿದಾಕಿ ನಾ. ನಿಮ್ಮವ್ವ ಕಹಿ ಅಂದ್ರೂ ಉಣ್ಣು ಅಂದಾಕಿ ನಾ. ನೀ ನಿಮ್ಮವ್ವ ಬೇಡಿದ್ದು ಕೊಟ್ಟಿ, ಅಷ್ಟ.”

“ಹಂಗಾದ್ರ ತಪ್ಪೆಲ್ಲಾ ನಿಮ್ದ ಏನ್ರಿ?”

“ಹೌದವ್ವಾ, ನಂದ.”

ಅವಳು ಹೊರಗೆ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಅಂದಿನಿಂದ ಅವಳು ಬೇರೆ ಹಾಸಿಕೊಂಡು ಮಲಗುತ್ತಾಳೆ. ಮಾತಾಡುತ್ತಾಳೆ, ನಾನು ಮಾಡಿದ್ದನ್ನು ಉಣ್ಣುತ್ತಾಳೆ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ಮಗ ಒಂದು ದಿನ, ನೀ ಹೇಳಿದ್ದು ಚಲೋ ಆತು ಎಂದನು. ನಿರ್ಮಲಾಳ ಮಾವ ಹರಳುಪ್ಪನ್ನೂ ಬಿಟ್ಟಿದ್ದಾರೆಂದು ಕೇಳಿದೆ.

ನನ್ನ ಪೂಜೆ ನಡೆದಿದೆ. ಮೊದಲು ಬೇಡುವುದು ಬಹಳ ಇತ್ತು, ಈಗ ಒಂದೇ ಇದೆ. ತಂದೆಯೇ, ಸಾರವಾಡದಲ್ಲಿ ಹುಟ್ಟಿ ಟಿಕೋಟಾದ ಮಣ್ಣಿನಲ್ಲಿ ಮಲಗಿದ ಈ ಹುಡುಗಿ ಯಾರಿಗೂ ಎದುರಾಡಿದವಳಲ್ಲ, ಯಾರ ಅನ್ನವನ್ನೂ ಕಸಿದವಳಲ್ಲ. ನನ್ನ ತಪ್ಪನ್ನು ನನ್ನಲ್ಲಿಯೇ ಬಿಡು, ಅವಳ ಬೆನ್ನಿಗೆ ಕಳಿಸಬೇಡ. ಸೂಜಿ ಚುಚ್ಚಿದ ಆ ಕೈಗಳ ನೋವು ತೀರಿಸು. ಅವಳು ದಣಿದು ಬಂದಿದ್ದಾಳೆ, ನಿನ್ನ ಪಾದದ ಬಳಿ ಜಾಗ ಕೊಡು. ಶಿವನೇ, ಸೌಭಾಗ್ಯಳಿಗೆ ಶಾಂತಿ ಕೊಡು.